ಶೂನ್ಯ ವೋಲ್ಟೇಜಿನ ತಗ್ಗು: ಏಕಪರಮಾಣುವಿನ ಕೊಂಡೋ ಪರಿಣಾಮವನ್ನು ಕುರಿತು ಒಂದು ಸಾಕ್ಷ್ಯವಿಮರ್ಶೆ

ಶಾಸ್ತ್ರದಲ್ಲಿ ಒಂದು ಹೆಸರು ಒಮ್ಮೆ ರೂಢಿಗೆ ಬಂದಿತೆಂದರೆ, ಆ ಹೆಸರಿಗೆ ಆಧಾರವಾದ ಸಾಕ್ಷ್ಯವನ್ನು ಮರಳಿ ಪರೀಕ್ಷಿಸುವವರು ವಿರಳವಾಗುತ್ತಾರೆ. ಹೆಸರೇ ಸಾಕ್ಷ್ಯದ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತದೆ. ಅಂಥ ಒಂದು ಪ್ರಸಂಗವನ್ನು ಈ ಲೇಖನದಲ್ಲಿ ವಿಮರ್ಶಿಸಲು ಉದ್ದೇಶಿಸಿದ್ದೇವೆ. ತಾಮ್ರ, ಬೆಳ್ಳಿ, ಚಿನ್ನ ಮೊದಲಾದ ಲೋಹಗಳ ಮೇಲ್ಮೈಯಲ್ಲಿ ಒಂಟಿಯಾಗಿ ನೆಲೆಸಿದ ಕೊಬಾಲ್ಟ್ ಪರಮಾಣುವಿನ ಮೂಲಕ ಎಲೆಕ್ಟ್ರಾನುಗಳು ಹರಿಯುವಾಗ, ವೋಲ್ಟೇಜು ಸೊನ್ನೆಯ ಸಮೀಪಕ್ಕೆ ಬಂದೆಡೆಯಲ್ಲಿ ವಾಹಕತೆಯ ರೇಖೆ ತುಸು ಕುಸಿಯುತ್ತದೆ. ೧೯೯೮ರಿಂದ ಮುಂದೆ ಇಪ್ಪತ್ತು ವರ್ಷಗಳಿಗೂ ಮೀರಿ ಈ ತಗ್ಗನ್ನು ಕೊಂಡೋ ಪರಿಣಾಮದ ನಿಸ್ಸಂದಿಗ್ಧ ಗುರುತೆಂದೇ ಪಾಠ ಹೇಳಲಾಯಿತು. ೨೦೨೦ರಲ್ಲಿ ಒಂದು ಲೆಕ್ಕಾಚಾರವೂ ೨೦೨೪ರಲ್ಲಿ ಒಂದು ಪ್ರಯೋಗವೂ ಈ ನಿರ್ಣಯಕ್ಕೆ ನೇರವಾಗಿ ಅಡ್ಡಬಂದಿವೆ.

ಇದು ಕೇವಲ ಹೆಸರಿನ ಜಗಳವಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ತಗ್ಗು ಕೊಂಡೋ ಪರಿಣಾಮದಿಂದ ಆದುದಾದರೆ, ಪರಮಾಣುವಿನ ಗಿರಕಿಯನ್ನು (ಸ್ಪಿನ್ ಎಂದು ಹೇಳುವುದೂ ಇದನ್ನೇ) ಸುತ್ತಲಿನ ಎಲೆಕ್ಟ್ರಾನುಗಳು ಮುಸುಕಿ ಅದರ ಕಾಂತತ್ವವನ್ನು ಅಳಿಸಿಬಿಟ್ಟಿವೆ ಎಂದರ್ಥ. ತಗ್ಗು ಗಿರಕಿಯ ಉದ್ರೇಕದಿಂದ ಆದುದಾದರೆ, ಪರಮಾಣುವಿನ ಕಾಂತತ್ವ ಇನ್ನೂ ಜೀವಂತವಾಗಿದೆ, ಅದಕ್ಕೊಂದು ನಿಶ್ಚಿತ ದಿಕ್ಕಿನ ಒಲವೂ ಇದೆ ಎಂದರ್ಥ. ಒಂದೇ ರೇಖೆಯನ್ನು ಮುಂದಿಟ್ಟುಕೊಂಡು ಒಬ್ಬರು ‘ಅಯಸ್ಕಾಂತ ಅಳಿಯಿತು’ ಎನ್ನುತ್ತಾರೆ, ಇನ್ನೊಬ್ಬರು ‘ಅಯಸ್ಕಾಂತ ಇಲ್ಲಿಯೇ ಇದೆ’ ಎನ್ನುತ್ತಾರೆ. ಅತಿಸೂಕ್ಷ್ಮ ಕಾಂತರಚನೆಗಳಲ್ಲಿ ಮಾಹಿತಿಯನ್ನು ಕೂಡಿಡಬಹುದೆಂದು ಆಶಿಸುವವರಿಗೆ ಈ ಎರಡು ಉತ್ತರಗಳ ಅಂತರ ಅಲ್ಪವಾದುದಲ್ಲ.

೧. ಪರಿಣಾಮದ ಮೂಲ

ಲೋಹವನ್ನು ತಂಪುಮಾಡುತ್ತ ಹೋದಂತೆ ಅದರ ವಿದ್ಯುದ್ರೋಧ ಇಳಿಯುತ್ತ ಹೋಗಿ ಕೊನೆಗೆ ಒಂದು ಸ್ಥಿರಮೌಲ್ಯದಲ್ಲಿ ನಿಲ್ಲಬೇಕೆಂಬುದು ಹಳೆಯ ನಿರೀಕ್ಷೆ. ೧೯೩೪ರಲ್ಲಿ ಲೈಡನ್ನಿನ ಡ ಹಾಸ್, ಡ ಬೂರ್ ಮತ್ತು ವಾನ್ ಡೆನ್ ಬೆರ್ಖ್ ಎಂಬವರು ಚಿನ್ನದ ತಂತಿಗಳಲ್ಲಿ ಬೇರೆಯದನ್ನೇ ಕಂಡರು. ಕೆಲವೇ ಕೆಲ್ವಿನ್ ಉಷ್ಣತೆಗೆ ಇಳಿದಾಗ ರೋಧ ಒಂದು ಕನಿಷ್ಠವನ್ನು ಮುಟ್ಟಿ ಮತ್ತೆ ಏರತೊಡಗಿತು. ಈ ಒಗಟು ಮೂವತ್ತು ವರ್ಷ ಬಿಡಿಸದೆ ಉಳಿಯಿತು. ಲೋಹದಲ್ಲಿ ಕಬ್ಬಿಣದಂಥ ಕಾಂತೀಯ ಕಲ್ಮಷ ಅತ್ಯಲ್ಪವಾಗಿ ಬೆರೆತಾಗ ಏನಾಗುವುದೆಂಬುದನ್ನು ೧೯೬೪ರಲ್ಲಿ ಜಪಾನಿನ ಜುನ್ ಕೊಂಡೋ ಲೆಕ್ಕಹಾಕಿ ತೋರಿಸಿದರು.

ಅವರ ವಾದದ ತಿರುಳು ಹೀಗಿದೆ. ಸಾಧಾರಣ ಕಲ್ಮಷವೊಂದು ಎಲೆಕ್ಟ್ರಾನನ್ನು ಚದರಿಸಿದ ಮೇಲೂ ಮೊದಲಿನಂತೆಯೇ ಇರುತ್ತದೆ. ಕಾಂತೀಯ ಪರಮಾಣು ಹಾಗಲ್ಲ. ಒಂದು ಎಲೆಕ್ಟ್ರಾನು ತನ್ನ ಗಿರಕಿಯನ್ನು ಅದರ ಗಿರಕಿಯೊಡನೆ ವಿನಿಮಯ ಮಾಡಿಕೊಂಡು ಹೋದರೆ, ಮುಂದೆ ಬರುವ ಎಲೆಕ್ಟ್ರಾನು ಬದಲಾದ ಪರಮಾಣುವನ್ನು ಎದುರಿಸುತ್ತದೆ. ಹೀಗೆ ಪರಸ್ಪರ ಭೇಟಿಯಾಗದ ಎಲೆಕ್ಟ್ರಾನುಗಳ ನಡುವೆ ಪರಮಾಣುವಿನ ಮೂಲಕ ಒಂದು ನಂಟು ಬೆಳೆಯುತ್ತದೆ. ಗಿರಕಿಗಳ ಸಹಸಂಬಂಧವೆಂದರೆ ಇದೇ. ಘಟನೆಗಳ ಹಿಂದುಮುಂದು ಇಲ್ಲಿ ಮುಖ್ಯವಾದುದರಿಂದ, ಲೆಕ್ಕದ ಮೂರನೆಯ ಹಂತದಲ್ಲಿ ಉಷ್ಣತೆಯ ಲಾಗರಿತಮ್ಮನ್ನು ಅವಲಂಬಿಸಿದ ಪದವೊಂದು ಹುಟ್ಟುತ್ತದೆ. ಉಷ್ಣತೆ ಇಳಿದಂತೆ ಅದು ಏರುತ್ತದೆ. ಜಾಲಕದ ಕಂಪನದಿಂದಾದ ರೋಧವಾದರೋ ಉಷ್ಣತೆಯ ಐದನೆಯ ಘಾತದಂತೆ ಇಳಿಯುತ್ತದೆ. ಇವೆರಡರ ಕೂಡಿಕೆಯೇ ಆ ಕನಿಷ್ಠ. ಕನಿಷ್ಠದ ಉಷ್ಣತೆ ಕಲ್ಮಷ ಪ್ರಮಾಣದ ಐದನೆಯ ಮೂಲವನ್ನು ಅನುಸರಿಸಬೇಕು. ಎಂದರೆ ಕಲ್ಮಷ ೩೨ ಪಟ್ಟು ಹೆಚ್ಚಿದರೆ ಆ ಉಷ್ಣತೆ ಕೇವಲ ೨ ಪಟ್ಟು ಹೆಚ್ಚಬೇಕು. ಈ ಮಂದವಾದ ಅವಲಂಬನೆ ಪ್ರಯೋಗಗಳಿಗೆ ಒಪ್ಪಿತು.

ಲಾಗರಿತಮ್ ಮಿತಿಯಿಲ್ಲದೆ ಏರುವಂತಿಲ್ಲ. ‘ಕೊಂಡೋ ಉಷ್ಣತೆ’ ಎಂಬ ಮಿತಿಯ ಕೆಳಗೆ ಈ ಲೆಕ್ಕ ಸಲ್ಲದು. ಅಲ್ಲಿ ನಡೆಯುವುದನ್ನು ಕೆನೆತ್ ವಿಲ್ಸನ್ನರು ೧೯೭೫ರಲ್ಲಿ ಪುನಸ್ಸಾಮಾನ್ಯೀಕರಣದ ಸಂಖ್ಯಾವಿಧಾನದಿಂದ ಬಿಡಿಸಿದರು. ಅದೇ ವಿಧಾನವನ್ನು ಆಂಡರ್ಸನ್ನರ ೧೯೬೧ರ ಮಾದರಿಗೆ ಅನ್ವಯಿಸಿ ೧೯೮೦ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ಮೂವರಲ್ಲಿ, ವಿಲ್ಕಿನ್ಸ್ ಮತ್ತು ವಿಲ್ಸನ್ನರೊಡನೆ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಎಚ್. ಆರ್. ಕೃಷ್ಣಮೂರ್ತಿಯವರೂ ಒಬ್ಬರೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಷಯ. ಇವರೆಲ್ಲರ ಕೆಲಸದಿಂದ ಸ್ಥಿರಪಟ್ಟ ಚಿತ್ರವೆಂದರೆ: ಕೊಂಡೋ ಉಷ್ಣತೆಯ ಕೆಳಗೆ ಪರಮಾಣುವಿನ ಗಿರಕಿಯೂ ಎಲೆಕ್ಟ್ರಾನುಗಳ ಗಿರಕಿಗಳೂ ಜೊತೆಗೂಡಿ ಒಟ್ಟು ಗಿರಕಿ ಸೊನ್ನೆಯಾದ ಸ್ಥಿತಿಯನ್ನು ತಾಳುತ್ತವೆ. ಆಗ ಫರ್ಮಿ ಶಕ್ತಿಮಟ್ಟದಲ್ಲಿ ಕಿರಿದಾದ ಅನುರಣನವೊಂದು ಏಳುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಗಟ್ಟಿ ಲೋಹದಲ್ಲಿ ಈ ಸಿದ್ಧಾಂತಕ್ಕೆ ದೊರೆತ ಬೆಂಬಲ ರೋಧವೊಂದರಿಂದಲ್ಲ. ಕಾಂತಪ್ರವೃತ್ತಿ, ವಿಶಿಷ್ಟೋಷ್ಣ, ಉಷ್ಣವಿದ್ಯುತ್ತು ಎಂಬ ಬೇರೆ ಬೇರೆ ಸಾಕ್ಷಿಗಳನ್ನು ಕರೆದು ಕೇಳಿದ್ದಾಯಿತು. ಅವು ಸ್ವತಂತ್ರವಾಗಿ ಒಂದೇ ಮಾತನ್ನು ನುಡಿದುವು. ಸಿದ್ಧಾಂತದ ಗೌರವಕ್ಕೆ ಈ ಬಹುಸಾಕ್ಷಿತ್ವವೇ ಆಧಾರ.

೨. ಒಂದು ಪರಮಾಣುವಿನ ಬಳಿಗೆ

೧೯೮೧ರಲ್ಲಿ ಬಿನ್ನಿಗ್ ಮತ್ತು ರೋರರ್ ನಿರ್ಮಿಸಿದ ಸುರಂಗ ಸೂಕ್ಷ್ಮದರ್ಶಕ ಈ ಪ್ರಶ್ನೆಯ ರೂಪವನ್ನೇ ಬದಲಿಸಿತು. ಚೂಪಾದ ಲೋಹದ ಮೊನೆಯನ್ನು ಒಂದೇ ಪರಮಾಣುವಿನ ಮೇಲೆ ನಿಲ್ಲಿಸಿ, ನಡುವಣ ಶೂನ್ಯವನ್ನು ದಾಟುವ ಎಲೆಕ್ಟ್ರಾನುಗಳ ಪ್ರವಾಹವನ್ನು ವೋಲ್ಟೇಜಿಗನುಸಾರವಾಗಿ ಅಳೆಯುವುದು ಸಾಧ್ಯವಾಯಿತು. ೧೯೯೮ರಲ್ಲಿ ಮಾಧವನ್, ಕ್ರಾಮಿ ಮೊದಲಾದವರ ತಂಡ ಚಿನ್ನದ ಮೇಲಣ ಕೊಬಾಲ್ಟ್ ಪರಮಾಣುವಿನಲ್ಲಿಯೂ, ಅದೇ ವರ್ಷ ಲಿ, ಶ್ನೈಡರ್, ಬೆರ್ನ್ಟ್ ಮೊದಲಾದವರ ತಂಡ ಬೆಳ್ಳಿಯ ಮೇಲಣ ಸೀರಿಯಮ್ ಪರಮಾಣುವಿನಲ್ಲಿಯೂ ಸೊನ್ನೆಯ ಬಳಿ ಆ ತಗ್ಗನ್ನು ಕಂಡು, ಕೊಂಡೋ ಅನುರಣನವೆಂದು ಸಾರಿದುವು. ಅನುರಣನವೆಂದರೆ ಏರು ಇರಬೇಕಲ್ಲದೆ ತಗ್ಗು ಏಕೆಂದು ವಿದ್ಯಾರ್ಥಿಗಳು ಕೇಳಬಹುದು. ಎಲೆಕ್ಟ್ರಾನು ಮೊನೆಯಿಂದ ಪರಮಾಣುವಿನ ಮೂಲಕವೂ ಹೋಗಬಹುದು, ನೇರವಾಗಿ ಲೋಹಕ್ಕೂ ಇಳಿಯಬಹುದು. ಈ ಎರಡು ಹಾದಿಗಳ ಅಲೆಗಳು ಒಂದರೊಡನೊಂದು ಬೆರೆತಾಗ ಏರು, ತಗ್ಗು ಅಥವಾ ಎರಡರ ಮಿಶ್ರಣ ಯಾವುದಾದರೂ ಉಂಟಾಗಬಹುದು. ಇದನ್ನು ಫಾನೋ ಎಂಬವರು ೧೯೬೧ರಲ್ಲಿಯೇ ಸೂತ್ರರೂಪದಲ್ಲಿ ತಿಳಿಸಿದ್ದರು.

೨೦೦೦ದಲ್ಲಿ ಮನೋಹರನ್, ಲುಟ್ಸ್ ಮತ್ತು ಐಗ್ಲರ್ ತಾಮ್ರದ ಮೇಲೆ ಕೊಬಾಲ್ಟ್ ಪರಮಾಣುಗಳಿಂದ ದೀರ್ಘವೃತ್ತದ ಬೇಲಿಯನ್ನು ಕಟ್ಟಿ, ಒಂದು ನಾಭಿಯಲ್ಲಿ ಕೊಬಾಲ್ಟ್ ಪರಮಾಣುವನ್ನಿಟ್ಟರು. ಪರಮಾಣುವೇ ಇಲ್ಲದ ಇನ್ನೊಂದು ನಾಭಿಯಲ್ಲಿ ಅದೇ ತಗ್ಗಿನ ಮಂದ ಪ್ರತಿಬಿಂಬ ಕಂಡಿತು. ಈ ‘ಕ್ವಾಂಟಮ್ ಮರೀಚಿಕೆ’ಯ ಚಿತ್ರ ಲೋಕದ ಗಮನವನ್ನು ಸೆಳೆಯಿತು. ಆ ಚಿತ್ರದೊಡನೆ ‘ಕೊಂಡೋ’ ಎಂಬ ಹೆಸರೂ ಪಠ್ಯಗಳಿಗೆ ಸೇರಿತು.

೩. ಹೇತುವಿನ ದೋಷ

ಈಗ ಸಾಕ್ಷ್ಯದ ಪರೀಕ್ಷೆಗೆ ಬರೋಣ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯವೇ ಸರಿ. ಆದರೆ ಬೆಂಕಿಯಿಲ್ಲದೆಡೆಯಲ್ಲಿಯೂ ಕಾಣಬಲ್ಲ ಗುರುತಿನಿಂದ ಬೆಂಕಿಯನ್ನು ಸಾಧಿಸಲಾಗದು. ಅಂಥ ಹೇತುವನ್ನು ನಮ್ಮ ನೈಯಾಯಿಕರು ಸವ್ಯಭಿಚಾರವೆಂದು ಕರೆದು ತಳ್ಳಿಹಾಕಿದ್ದಾರೆ. ಸೊನ್ನೆಯ ಬಳಿ ತಗ್ಗಿದೆ, ಅದು ಫಾನೋ ಸೂತ್ರಕ್ಕೆ ಹೊಂದುತ್ತದೆ, ಆದುದರಿಂದ ಇದು ಕೊಂಡೋ ಪರಿಣಾಮ ಎಂಬ ವಾದ ಈ ಬಗೆಯದೆಂದು ನಮ್ಮ ಆಕ್ಷೇಪ.

ಫಾನೋ ಸೂತ್ರದಲ್ಲಿ ಸ್ಥಾನ, ಅಗಲ, ಆಕಾರಾಂಕ, ಎತ್ತರ, ಹಿನ್ನೆಲೆ ಎಂದು ಕಡಮೆಯೆಂದರೂ ಐದು ಸಂಖ್ಯೆಗಳನ್ನು ಪ್ರಯೋಗಕಾರ ತನ್ನ ಇಚ್ಛೆಯಂತೆ ಹೊಂದಿಸಬಹುದು. ಇಷ್ಟು ಸ್ವಾತಂತ್ರ್ಯವುಳ್ಳ ಸೂತ್ರ ಒಂದು ನುಣುಪಾದ ತಗ್ಗಿಗೆ ಹೊಂದಿದರೆ ಅದರಲ್ಲಿ ಅಚ್ಚರಿಯಿಲ್ಲ. ಹೊಂದದಿದ್ದರೆ ಅಚ್ಚರಿಪಡಬೇಕು. ಇನ್ನು ಅಗಲದ ವಿಚಾರ. ತಗ್ಗಿನ ಅರ್ಧ ಅಗಲವನ್ನು ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ಭಾಗಿಸಿ, ಬಂದ ಲಬ್ಧವನ್ನು ಕೊಂಡೋ ಉಷ್ಣತೆಯೆಂದು ಕರೆಯುವುದು ವಾಡಿಕೆಯಾಯಿತು. ತಾಮ್ರದ (೧೧೧) ಮುಖದ ಮೇಲಣ ಕೊಬಾಲ್ಟಿಗೆ ಹೀಗೆ ಸುಮಾರು ೫೪ ಕೆಲ್ವಿನ್ ಎಂದೂ, (೧೦೦) ಮುಖದ ಮೇಲೆ ಸುಮಾರು ೮೮ ಕೆಲ್ವಿನ್ ಎಂದೂ ೨೦೦೨ರಲ್ಲಿ ವರದಿಯಾಯಿತು. ಇದು ಅಳತೆಯಲ್ಲ, ಅನುವಾದ. ತಗ್ಗು ಕೊಂಡೋ ಪರಿಣಾಮದಿಂದ ಆದುದೆಂದು ಮೊದಲೇ ಒಪ್ಪಿದವರಿಗೆ ಮಾತ್ರ ಈ ಸಂಖ್ಯೆ ಉಷ್ಣತೆಯಾಗುತ್ತದೆ. ಒಪ್ಪದವರಿಗೆ ಅದು ಕೇವಲ ಮಿಲಿ ಎಲೆಕ್ಟ್ರಾನ್ ವೋಲ್ಟುಗಳಲ್ಲಿರುವ ಒಂದು ಅಗಲ. ಸಾಧಿಸಬೇಕಾದುದನ್ನೇ ಸಾಧನವಾಗಿ ಬಳಸಿದ ದೋಷ ಇಲ್ಲಿ ಮೆಲ್ಲನೆ ನುಸುಳಿದೆ.

ನಿಜವಾದ ಪರೀಕ್ಷೆಗಳು ಇಲ್ಲವೆಂದಲ್ಲ. ಉಷ್ಣತೆ ಏರಿದಂತೆ ಅನುರಣನ ಲಾಗರಿತಮ್ಮಿನಂತೆ ಕುಗ್ಗಬೇಕು. ಕಾಂತಕ್ಷೇತ್ರ ಸಾಕಷ್ಟು ಬಲಗೊಂಡಾಗ ಅದು ಎರಡಾಗಿ ಸೀಳಬೇಕು. ಇವೆರಡೂ ಕೊಬಾಲ್ಟಿನಲ್ಲಿ ಏಕೆ ದುಸ್ಸಾಧ್ಯವಾದುವೆಂಬುದನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ೫೪ ಕೆಲ್ವಿನ್ನಿಗೆ ಸಮನಾದ ಶಕ್ತಿ ಸುಮಾರು ೪.೭ ಮಿಲಿ ಎಲೆಕ್ಟ್ರಾನ್ ವೋಲ್ಟ್. ಒಂದು ಟೆಸ್ಲ ಕ್ಷೇತ್ರ ಎಲೆಕ್ಟ್ರಾನಿನ ಗಿರಕಿಯ ಎರಡು ಮಟ್ಟಗಳನ್ನು ಬೇರ್ಪಡಿಸುವುದು ಸುಮಾರು ೦.೧೧೬ ಮಿಲಿ ಎಲೆಕ್ಟ್ರಾನ್ ವೋಲ್ಟಿನಷ್ಟು. ಇವೆರಡೂ ಸಮವಾಗಲು ಸರಿಸುಮಾರು ೪೦ ಟೆಸ್ಲ ಬೇಕು. ಸೀಳು ಇದರ ಅರ್ಧದಲ್ಲಿಯೇ ಮೊದಲಾಗುವುದೆಂಬ ಸೂಕ್ಷ್ಮ ಲೆಕ್ಕವನ್ನು ಒಪ್ಪಿದರೂ ೨೦ ಟೆಸ್ಲ ಬೇಕು. ಸುರಂಗ ಸೂಕ್ಷ್ಮದರ್ಶಕಗಳೊಡನೆ ವಾಡಿಕೆಯಾಗಿ ಬಳಸುವ ಅಯಸ್ಕಾಂತಗಳು ಆ ಬಲವನ್ನು ಮುಟ್ಟುವುದಿಲ್ಲ. ಉಷ್ಣತೆಯನ್ನು ೫೪ ಕೆಲ್ವಿನ್ನಿಗೆ ಏರಿಸಿದರಾದರೋ ಎಲೆಕ್ಟ್ರಾನುಗಳ ಉಷ್ಣಮಸುಕೇ ಸುಮಾರು ೧೬ ಮಿಲಿ ಎಲೆಕ್ಟ್ರಾನ್ ವೋಲ್ಟಿನಷ್ಟಾಗುತ್ತದೆ. ನೋಡಬೇಕಾದ ತಗ್ಗಿನ ಪೂರ್ಣ ಅಗಲವೇ ೯ರ ಆಸುಪಾಸು. ಮಂಜಿನೊಳಗೆ ಹೊಗೆಯನ್ನು ಹುಡುಕಿದಂತಾಯಿತು. ಹೀಗೆ ಅಸಾಧ್ಯವಾದ ಪರೀಕ್ಷೆ ಕ್ರಮೇಣ ಅನಾವಶ್ಯಕವೆಂಬಂತೆ ನಡೆದುಹೋದುದೇ ನಮ್ಮ ವಿಮರ್ಶೆಯ ಮುಖ್ಯ ಗುರಿ.

ಪರೀಕ್ಷೆಗಳು ಸಾಧ್ಯವಾದಲ್ಲಿ ಅವನ್ನು ಮಾಡಿದವರೂ ಉಂಟು. ೧೯೯೮ರಲ್ಲಿ ಗೋಲ್ಡ್‌ಹೇಬರ್-ಗಾರ್ಡನ್ ಮೊದಲಾದವರೂ ಕ್ರೋನೆನ್ವೆಟ್ ಮೊದಲಾದವರೂ ಅರೆವಾಹಕದ ಕ್ವಾಂಟಮ್ ಚುಕ್ಕೆಗಳಲ್ಲಿ ಕೊಂಡೋ ಪರಿಣಾಮವನ್ನು ತೋರಿಸಿದಾಗ, ಎಲೆಕ್ಟ್ರಾನುಗಳ ಸಂಖ್ಯೆ ಬೆಸವೋ ಸರಿಯೋ ಎಂಬುದನ್ನು ಹೊರಗಿನ ವೋಲ್ಟೇಜಿನಿಂದ ಬದಲಿಸಿ ನೋಡುವುದಕ್ಕೂ ಉಷ್ಣತೆಯನ್ನೂ ಕ್ಷೇತ್ರವನ್ನೂ ಬದಲಿಸಿ ನೋಡುವುದಕ್ಕೂ ಅಲ್ಲಿ ಅವಕಾಶವಿತ್ತು. ೨೦೦೦ದಲ್ಲಿ ವಾನ್ ಡೆರ್ ವೀಲ್ ಮೊದಲಾದವರು ವಾಹಕತೆ ತನ್ನ ಸೈದ್ಧಾಂತಿಕ ಪರಮಾವಧಿಯನ್ನು, ಎಂದರೆ ೧೨.೯ ಕಿಲೋ ಓಮ್ ರೋಧಕ್ಕೆ ಸಮನಾದ ಮೌಲ್ಯವನ್ನು, ಮುಟ್ಟುವುದನ್ನೂ ತೋರಿಸಿದರು. ಬೆಳ್ಳಿಯ ಮೇಲಣ ಟೈಟೇನಿಯಮ್ ಪರಮಾಣುವಿನಲ್ಲಿ ನಾಗಾವೋಕಾ ಮೊದಲಾದವರು ೨೦೦೨ರಲ್ಲಿ ಸುಮಾರು ೭ರಿಂದ ೪೯ ಕೆಲ್ವಿನ್ನಿನವರೆಗೆ ಉಷ್ಣತೆಯನ್ನು ಬದಲಿಸಿ, ಉಷ್ಣಮಸುಕನ್ನು ಲೆಕ್ಕಕ್ಕೆ ತೆಗೆದುಕೊಂಡು ಅಗಲವನ್ನು ಅಳೆದರು. ತಾಮ್ರ ನೈಟ್ರೈಡಿನ ಪದರದ ಮೇಲಣ ಕೊಬಾಲ್ಟಿನಲ್ಲಿ ಒಟ್ಟೆ ಮೊದಲಾದವರು ೨೦೦೮ರಲ್ಲಿ ತೋರಿಸಿದ ಕೊಂಡೋ ಉಷ್ಣತೆ ಕೇವಲ ೨.೬ ಕೆಲ್ವಿನ್. ಮೇಲಿನ ಲೆಕ್ಕದಂತೆ ಅದಕ್ಕೆ ೨ ಟೆಸ್ಲ ಸಾಕು. ಕ್ಷೇತ್ರದಲ್ಲಿ ಸೀಳು ಅಲ್ಲಿ ನಿಜವಾಗಿಯೂ ಕಂಡಿತು. ಅದೇ ರೇಖೆಯಲ್ಲಿ, ದಿಕ್ಕಿನ ಒಲವಿನಿಂದಾದ ಗಿರಕಿಯ ಉದ್ರೇಕದ ಮೆಟ್ಟಿಲುಗಳೂ ಪ್ರತ್ಯೇಕವಾಗಿ ಕಂಡುವು. ಎರಡು ಪ್ರಕ್ರಿಯೆಗಳು ಒಂದೇ ಪರಮಾಣುವಿನಲ್ಲಿ ಒಟ್ಟಿಗೆ ಇರಬಲ್ಲುವೆಂಬ ಎಚ್ಚರಿಕೆ ಆಗಲೇ ದೊರೆತಿತ್ತು. ಗಟ್ಟಿ ಲೋಹದ ಮೇಲಣ ಕೊಬಾಲ್ಟಿನ ವಿಷಯದಲ್ಲಿ ಆ ಎಚ್ಚರಿಕೆಗೆ ತಕ್ಕಷ್ಟು ಗಮನ ಸಲ್ಲಲಿಲ್ಲವೆಂದು ನಮಗೆ ತೋರುತ್ತದೆ.

೪. ಪ್ರತಿಪಕ್ಷ

ಗಿರಕಿಯ ಉದ್ರೇಕವೆಂದರೇನೆಂಬುದನ್ನು ೨೦೦೪ರಲ್ಲಿ ಹೈನ್ರಿಕ್ ಮೊದಲಾದವರ ಪ್ರಯೋಗ ಸ್ಪಷ್ಟಪಡಿಸಿತ್ತು. ಪರಮಾಣುವಿನ ಗಿರಕಿಯನ್ನು ಅದರ ನೆಲೆಯಿಂದ ಹೊರಳಿಸಲು ಒಂದು ಕನಿಷ್ಠ ಶಕ್ತಿ ಬೇಕು. ವೋಲ್ಟೇಜು ಅಷ್ಟಾಗುವವರೆಗೆ ಎಲೆಕ್ಟ್ರಾನಿಗೆ ಒಂದೇ ಹಾದಿ. ಅಷ್ಟಾದೊಡನೆ ಗಿರಕಿಯನ್ನು ಹೊರಳಿಸಿ ಹೋಗುವ ಎರಡನೆಯ ಹಾದಿಯೂ ತೆರೆಯುತ್ತದೆ, ವಾಹಕತೆ ಒಂದು ಮೆಟ್ಟಿಲು ಏರುತ್ತದೆ. ಸೊನ್ನೆಯ ಎರಡು ಕಡೆಯೂ ಹೀಗಾಗುವುದರಿಂದ ನಡುವೆ ತಗ್ಗು ಉಳಿಯುತ್ತದೆ. ಪರಮಾಣು ಲೋಹಕ್ಕೆ ಅಂಟಿಕೊಂಡಿದ್ದರೆ ಉದ್ರೇಕದ ಆಯುಸ್ಸು ಕಿರಿದಾಗಿ ಮೆಟ್ಟಿಲುಗಳ ಅಂಚು ಸವೆಯುತ್ತದೆ. ಸವೆದ ಎರಡು ಮೆಟ್ಟಿಲುಗಳ ನಡುವಣ ತಗ್ಗು ಫಾನೋ ತಗ್ಗಿನಂತೆಯೇ ತೋರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ದಿಕ್ಕಿನ ಒಲವಿನ ಶಕ್ತಿಯೂ ಕೆಲವೇ ಮಿಲಿ ಎಲೆಕ್ಟ್ರಾನ್ ವೋಲ್ಟುಗಳಾಗಿದ್ದು, ಹೆಸರಾಂತ ಕೊಂಡೋ ಅಗಲವೂ ಅಷ್ಟೇ ಆಗಿರುವುದು ಈ ಗೊಂದಲಕ್ಕೆ ಕಾರಣ.

೨೦೨೦ರಲ್ಲಿ ಬುವಾಜಿಜ್, ಗಿಮರೈಶ್ ಮತ್ತು ಲೂನಿಸ್ ಎಂಬವರು ತಾಮ್ರ, ಬೆಳ್ಳಿ, ಚಿನ್ನಗಳ ಮೇಲಣ ಕೊಬಾಲ್ಟಿಗೆ ಮೂಲತತ್ತ್ವಗಳಿಂದಲೇ ಲೆಕ್ಕಹಾಕಿ, ಪ್ರಯೋಗದಲ್ಲಿ ಕಂಡ ಆಕಾರ ಗಿರಕಿಯ ಉದ್ರೇಕದಿಂದಲೇ ದೊರೆಯುವುದೆಂದು ತೋರಿಸಿದರು. ಉದ್ರೇಕವೂ ಎಲೆಕ್ಟ್ರಾನೂ ಬೆಸೆದುಕೊಂಡು ‘ಸ್ಪಿನಾರಾನ್’ ಎಂಬ ಬದ್ಧಸ್ಥಿತಿಯಾಗುವುದೆಂದೂ ಸೂಚಿಸಿದರು. ಮುಂದೆ ವ್ಯೂರ್ಟ್ಸ್‌ಬುರ್ಗಿನ ಫ್ರೀಡ್ರಿಕ್, ಓಡೊಬೆಸ್ಕೊ, ಬೋಡೆ ಮೊದಲಾದವರು ಈ ಸಿದ್ಧಾಂತಿಗಳೊಡನೆ ಸೇರಿ ತಾಮ್ರದ (೧೧೧) ಮುಖದ ಮೇಲಣ ಕೊಬಾಲ್ಟನ್ನು ೧೨ ಟೆಸ್ಲದವರೆಗಿನ ಕ್ಷೇತ್ರದಲ್ಲಿ, ಕಾಂತೀಯ ಮೊನೆಯಿಂದಲೂ ಪರೀಕ್ಷಿಸಿ ೨೦೨೪ರಲ್ಲಿ ವರದಿ ಪ್ರಕಟಿಸಿದರು. ೧೨ ಟೆಸ್ಲದಲ್ಲಿ ಕೊಂಡೋ ಅನುರಣನ ಸೀಳಲಾರದು, ಅದರ ರೇಖೆ ಬಹುಮಟ್ಟಿಗೆ ಇದ್ದಂತೆಯೇ ಇರಬೇಕು. ಗಿರಕಿಯ ಉದ್ರೇಕವಾದರೆ ಅದರ ಶಕ್ತಿ ಕ್ಷೇತ್ರದೊಡನೆ ಸುಮಾರು ೧.೪ ಮಿಲಿ ಎಲೆಕ್ಟ್ರಾನ್ ವೋಲ್ಟಿನಷ್ಟು ಸರಿಯಬೇಕು. ಕೊಂಡೋ ವಿವರಣೆ ಇಲ್ಲಿ ಸಲ್ಲದು, ಸ್ಪಿನಾರಾನಿಗೆ ಪ್ರಬಲ ಆಧಾರವಿದೆ ಎಂಬುದು ಅವರ ನಿರ್ಣಯ. ಈ ಪ್ರಯೋಗದ ಗುಣವಿರುವುದು ಫಲಿತಾಂಶದಲ್ಲಿ ಮಾತ್ರವಲ್ಲ. ೪೦ ಟೆಸ್ಲವಿಲ್ಲದೆಯೂ ಎರಡು ಸಿದ್ಧಾಂತಗಳು ಬೇರೆ ಬೇರೆ ಉತ್ತರ ಹೇಳಬೇಕಾದ ಪ್ರಶ್ನೆಯನ್ನು ಹುಡುಕಿದುದರಲ್ಲಿಯೂ ಇದೆ.

೫. ಪ್ರತಿಪಕ್ಷದ ಮಿತಿ

ಹಳೆಯ ನಿರ್ಣಯವನ್ನು ಪರೀಕ್ಷಿಸಿದ ಅಳತೆಗೋಲಿನಿಂದಲೇ ಹೊಸದನ್ನೂ ಅಳೆಯಬೇಕು. ಮೊದಲನೆಯದಾಗಿ, ೨೦೨೦ರ ಲೆಕ್ಕಾಚಾರ ಪರಮಾಣುವಿನ ಕಾಂತತ್ವ ಒಂದು ದಿಕ್ಕಿನಲ್ಲಿ ನೆಲೆಗೊಂಡಿದೆಯೆಂಬ ಸ್ಥಿತಿಯಿಂದ ಹೊರಡುತ್ತದೆ. ಒಟ್ಟು ಗಿರಕಿ ಸೊನ್ನೆಯಾದ ಕೊಂಡೋ ಸ್ಥಿತಿಗೆ ಆ ಆರಂಭದಲ್ಲಿಯೇ ಎಡೆಯಿಲ್ಲ. ಬಾಗಿಲನ್ನು ಮುಚ್ಚಿ, ಅತಿಥಿ ಬರಲಿಲ್ಲವೆಂದು ಹೇಳಲಾಗದು. ಆದುದರಿಂದ ಆ ಲೆಕ್ಕ ಸ್ಪಿನಾರಾನ್ ಸಾಧ್ಯವೆಂಬುದನ್ನು ತೋರಿಸಿತೇ ಹೊರತು ಕೊಂಡೋ ಅಸಾಧ್ಯವೆಂಬುದನ್ನಲ್ಲ. ನಿರಾಕರಣೆಯ ಭಾರವೆಲ್ಲ ಪ್ರಯೋಗದ ಮೇಲೆ ಬೀಳುತ್ತದೆ. ಎರಡನೆಯದಾಗಿ, ಆ ಪ್ರಯೋಗ ನಡೆದಿರುವುದು ಒಂದು ಲೋಹದ ಒಂದು ಮುಖದ ಮೇಲಣ ಒಂದು ಧಾತುವಿನಲ್ಲಿ. ಅದನ್ನು ಹಿಡಿದು ಟೈಟೇನಿಯಮ್, ಸೀರಿಯಮ್, ಕ್ವಾಂಟಮ್ ಚುಕ್ಕೆಗಳನ್ನೂ ಅನುಮಾನಿಸುವುದು ಹಳೆಯ ಅತಿವ್ಯಾಪ್ತಿಯನ್ನೇ ತಿರುಗಿಸಿ ಹೇಳಿದಂತೆ.

ಇದೇ ಎಚ್ಚರ ಬೇಕಾದ ಇನ್ನೊಂದು ಕ್ಷೇತ್ರ ಲೋಹದ ಪರಮಾಣುಸಂಪರ್ಕಗಳದು. ೨೦೦೯ರಲ್ಲಿ ಕಾಲ್ವೋ ಮೊದಲಾದವರು ಕಬ್ಬಿಣ, ಕೊಬಾಲ್ಟ್, ನಿಕ್ಕಲ್ ತಂತಿಗಳನ್ನು ಎಳೆದು ತುದಿಯಲ್ಲಿ ಒಂದೆರಡು ಪರಮಾಣುಗಳಷ್ಟೇ ಉಳಿದ ಸಂಪರ್ಕಗಳನ್ನು ಬಹುಸಂಖ್ಯೆಯಲ್ಲಿ ರಚಿಸಿ, ಅಲ್ಲಿಯೂ ಸೊನ್ನೆಯ ಬಳಿ ಫಾನೋ ರೂಪವನ್ನು ಕಂಡು ಕೊಂಡೋ ಪರಿಣಾಮವೆಂದರು. ತಾವೇ ಪ್ರಬಲ ಅಯಸ್ಕಾಂತಗಳಾದ ಈ ಲೋಹಗಳಲ್ಲಿ ಗಿರಕಿ ಮುಸುಕಲ್ಪಡುವುದು ಸುಲಭವಾಗಿ ನಂಬುವ ಮಾತಲ್ಲ. ಅವರು ಒಂದೇ ರೇಖೆಯನ್ನು ನೆಚ್ಚದೆ ಅಗಲಗಳ ಹಂಚಿಕೆಯನ್ನು ಪರೀಕ್ಷಿಸಿದುದು ಶ್ಲಾಘ್ಯ. ಕೊಂಡೋ ಉಷ್ಣತೆ ಘಾತೀಯ ಸಂಬಂಧದಿಂದ ಹುಟ್ಟುವುದರಿಂದ, ಅಗಲಗಳ ಲಾಗರಿತಮ್ಮುಗಳು ಸಾಮಾನ್ಯ ಹಂಚಿಕೆಯನ್ನು ಅನುಸರಿಸಬೇಕು. ಹಾಗೆಯೇ ಕಂಡಿತು. ಆದರೆ ಹಲವು ಕಾರಣಗಳು ಗುಣಿಸಲ್ಪಟ್ಟು ಬಂದ ಯಾವ ರಾಶಿಯೇ ಆಗಲಿ ಅದೇ ಹಂಚಿಕೆಯನ್ನು ತಾಳಬಹುದು. ಆದುದರಿಂದ ಇದು ಅನುಕೂಲ ಸಾಕ್ಷ್ಯ, ನಿರ್ಣಾಯಕ ಸಾಕ್ಷ್ಯವಲ್ಲ. ಈ ವ್ಯಾಜ್ಯವನ್ನು ನಾವು ತೆರೆದಿಡುತ್ತೇವೆ.

೬. ಉಪಸಂಹಾರ

ನಮ್ಮ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳುವುದಾದರೆ: ಕ್ವಾಂಟಮ್ ಚುಕ್ಕೆಗಳಲ್ಲಿಯೂ ತಾಮ್ರ ನೈಟ್ರೈಡಿನ ಮೇಲಣ ಕೊಬಾಲ್ಟಿನಲ್ಲಿಯೂ ಕೊಂಡೋ ಎಂಬ ಹೆಸರು ಪರೀಕ್ಷೆಗಳಿಂದ ಸಂಪಾದಿತವಾದುದು, ಅದು ನಿಲ್ಲುತ್ತದೆ. ತಾಮ್ರದ ಮೇಲಣ ಕೊಬಾಲ್ಟಿನಲ್ಲಿ ಆ ಹೆಸರು ಸಾದೃಶ್ಯದಿಂದ ಬಂದುದು, ಅದನ್ನು ಹಿಂತೆಗೆದುಕೊಳ್ಳುವುದು ಯುಕ್ತ. ಬೆಳ್ಳಿ, ಚಿನ್ನಗಳ ಮೇಲಣ ಕೊಬಾಲ್ಟಿಗೆ ಹೆಸರಿಡುವ ಮೊದಲು ಅದೇ ಬಗೆಯ ಕ್ಷೇತ್ರಪರೀಕ್ಷೆ ನಡೆಯಬೇಕು. ಇದರಿಂದ ೧೯೯೮ರ ಮತ್ತು ೨೦೦೦ದ ಪ್ರಯೋಗಗಳ ಹಿರಿಮೆಗೆ ಕುಂದಿಲ್ಲ. ಒಂದೇ ಪರಮಾಣುವನ್ನು ಮುಟ್ಟಿ ಅದರ ಕಾಂತತ್ವವನ್ನು ವಿಚಾರಿಸಬಹುದೆಂದು ತೋರಿಸಿದವರು ಅವರೇ. ಬರಿಯ ನಾಭಿಯಲ್ಲಿ ಮರೀಚಿಕೆ ಕಂಡುದೂ ನಿಜವೇ. ಬದಲಾಗಬೇಕಾದುದು ಅಲ್ಲಿ ಪ್ರತಿಬಿಂಬಿಸಿದುದಕ್ಕೆ ನಾವು ಕೊಟ್ಟ ಹೆಸರು.

ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಈ ರೇಖೆಯನ್ನು ಕರಿಹಲಗೆಯ ಮೇಲೆ ಬರೆಯುವಾಗ ಅದರ ಕೆಳಗೆ ‘ಶೂನ್ಯ ವೋಲ್ಟೇಜಿನ ತಗ್ಗು’ ಎಂದು ಮಾತ್ರ ಬರೆಯಿರಿ. ಅನಂತರ ಉಷ್ಣತೆ ಏರಿದರೆ ಏನಾಗಬೇಕು, ಕ್ಷೇತ್ರ ಹೆಚ್ಚಿದರೆ ಏನಾಗಬೇಕು, ಅದಕ್ಕೆ ಎಷ್ಟು ಟೆಸ್ಲ ಬೇಕು ಎಂಬುದನ್ನು ವಿದ್ಯಾರ್ಥಿಗಳಿಂದಲೇ ಎರಡು ಸಿದ್ಧಾಂತಗಳಿಗೂ ಲೆಕ್ಕಹಾಕಿಸಿ. ಆ ಲೆಕ್ಕಕ್ಕೆ ಬೇಕಾದ ಸ್ಥಿರಾಂಕಗಳು ಪದವಿ ತರಗತಿಯ ಪುಸ್ತಕದಲ್ಲಿಯೇ ಇವೆ. ಉತ್ತರಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಪ್ರಯೋಗ ಮಾಡಬೇಕೆಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ. ಹೆಸರನ್ನು ಆಮೇಲೆ ಬರೆದರೂ ತಡವಾಗುವುದಿಲ್ಲ.